ಬೋನಸ್ ಕೊಟ್ಟವನೇ ತೀರ್ಪುಗಾರ

ಆನ್‌ಲೈನ್ ಕ್ಯಾಸಿನೊ ಕೊಡುವ ಬೋನಸ್ಸನ್ನು ಲೆಕ್ಕ ಹಾಕಿ ಗೆದ್ದವನು ಜಾಣನೋ, ವಂಚಕನೋ? ಅದಕ್ಕೆ ಉತ್ತರ ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಮೊದಲು ಕೇಳಬೇಕು.

‘ಸಾವಿರ ಹಾಕಿ, ಎರಡು ಸಾವಿರದಿಂದ ಆಟ ಶುರು ಮಾಡಿ.’

ಇಂಥದ್ದೊಂದು ಸಂದೇಶ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಮ್‌ಗೋ ಬಂದು ಬೀಳದ ಮೊಬೈಲು ಈಗ ಅಪರೂಪ. ಶಿಡ್ಲಘಟ್ಟದ ರೇಷ್ಮೆ ರೀಲರ್ ಆಗಲಿ, ಚಿಂತಾಮಣಿಯ ಟೊಮೆಟೊ ಮಂಡಿಯ ಹಮಾಲಿಯಾಗಲಿ, ಮುದ್ದೇನಹಳ್ಳಿಯ ಹಾಸ್ಟೆಲಿನಲ್ಲಿ ಓದುವ ಹುಡುಗನಾಗಲಿ, ಸಂದೇಶ ಕಳಿಸುವವನಿಗೆ ಎಲ್ಲರೂ ಒಂದೇ. ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೂ ಇಲ್ಲಿದೆ. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಜನರ ಉಳಿತಾಯ ಸುಭದ್ರವಾಗಿರಲೆಂದು ಮೈಸೂರು ಬ್ಯಾಂಕು ಹುಟ್ಟಿಕೊಂಡಿತು. ಲೆಕ್ಕಕ್ಕೆ ಹೆಸರಾದ ಈ ಊರಿನ ಮಟ್ಟಿಗಾದರೂ ಪುಕ್ಕಟೆ ಬಂದ ಆ ಸಾವಿರ ರೂಪಾಯಿಯ ಲೆಕ್ಕವನ್ನು ಪೂರ್ತಿ ಹಾಕಿ ನೋಡುವುದು ನ್ಯಾಯ.

ಈ ಬೋನಸ್ಸಿನ ಸುತ್ತ ಎರಡು ಕಡೆಯಿಂದಲೂ ದೂರುಗಳಿವೆ. ‘ಗೆಲ್ಲುವವರೆಗೆ ಸುಮ್ಮನಿದ್ದು, ಹಣ ತೆಗೆಯಲು ಹೋದಾಗ ಷರತ್ತು ತೋರಿಸಿ ಮುಟ್ಟುಗೋಲು ಹಾಕುತ್ತಾರೆ’ ಎಂದು ಆಡುವವರು ಹೇಳುತ್ತಾರೆ. ‘ಆಟದ ಮೇಲೆ ಆಸಕ್ತಿಯೇ ಇಲ್ಲದವರು ಬೋನಸ್ಸಿಗಾಗಿಯೇ ಬಂದು, ಹತ್ತು ಹೆಸರಿನಲ್ಲಿ ಖಾತೆ ತೆರೆದು ದೋಚುತ್ತಾರೆ’ ಎಂದು ಕ್ಯಾಸಿನೊಗಳು ಹೇಳುತ್ತವೆ. ಎರಡರಲ್ಲೂ ಸತ್ಯವಿದೆ. ಆದರೆ ಎರಡೂ ಸಮನಾದ ಸತ್ಯಗಳೇನಲ್ಲ.

ಅಂದರ್ ಬಾಹರ್ ಲೆಕ್ಕ

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಆಟದಿಂದಲೇ ಶುರು ಮಾಡೋಣ. ‘ಅಂದರ್ ಬಾಹರ್ ಜೂಜಾಟ: ಇಷ್ಟು ಮಂದಿ ಬಂಧನ, ಇಷ್ಟು ನಗದು ವಶ’ ಎಂಬ ಸುದ್ದಿ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎಷ್ಟೋ ದಶಕಗಳಿಂದ ಬರುತ್ತಲೇ ಇದೆ. ಯುಗಾದಿ, ಹೊಸತೊಡಕಿನ ಹೊತ್ತಿಗೆ ತೋಪಿನಲ್ಲಿ, ಪಾಳುಗೋಡೆಯ ಮರೆಯಲ್ಲಿ ಕಂಬಳಿ ಹಾಸಿ ಇಸ್ಪೀಟು ಹಿಡಿಯುವುದು ಹಳೇ ಮೈಸೂರಿನ ಹಳ್ಳಿಗಳಿಗೆ ಹೊಸದಲ್ಲ. ಅದೇ ಆಟ ಈಗ ಆನ್‌ಲೈನ್ ಕ್ಯಾಸಿನೊಗಳ ಪರದೆಯ ಮೇಲಿದೆ. ಲಾಟ್ವಿಯಾದ ರೀಗಾದಂಥ ನಗರಗಳ ಸ್ಟುಡಿಯೊಗಳಲ್ಲಿ ಕುಳಿತವರು ಕ್ಯಾಮೆರಾದ ಮುಂದೆ ಎಲೆ ಹಂಚುತ್ತಾರೆ.

ಆಟ ಸರಳ. ನಡುವೆ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಂದು ಒಳಗೆ, ಒಂದು ಹೊರಗೆ ಎಂದು ಸರದಿಯಲ್ಲಿ ಹಾಕುತ್ತಾ ಹೋಗುತ್ತಾರೆ. ನಡುವಿನ ಎಲೆಯ ಜೋಡಿ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆ ಕಟ್ಟಿದವರು ಗೆದ್ದರು. ಮೊದಲ ಎಲೆ ‘ಅಂದರ್’ ಕಡೆ ಬಿದ್ದರೆ ಆ ಕಡೆ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 51.5, ‘ಬಾಹರ್’ಗೆ 48.5. ಇಷ್ಟೇ ವ್ಯತ್ಯಾಸ. ತೋಪಿನ ಆಟದಲ್ಲಿ ಒಬ್ಬನ ಸೋಲು ಇನ್ನೊಬ್ಬನ ಗೆಲುವು. ಜಾಗ ಕೊಟ್ಟವನು ನಡುವೆ ತನ್ನ ಪಾಲು ಎತ್ತಿಕೊಳ್ಳುತ್ತಾನೆ, ಅದೂ ಎಲ್ಲರ ಕಣ್ಣೆದುರೇ.

ಆನ್‌ಲೈನ್‌ನಲ್ಲಿ ಎತ್ತುವುದು ಕಾಣಿಸುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ‘ಅಂದರ್’ ಗೆದ್ದರೆ 100 ರೂಪಾಯಿಗೆ 90, ‘ಬಾಹರ್’ ಗೆದ್ದರೆ 100ಕ್ಕೆ 100 ಲಾಭ ಕೊಡುತ್ತಾರೆ. ಗುಣಿಸಿ ನೋಡಿ. ‘ಅಂದರ್’ ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 15 ಪೈಸೆ, ‘ಬಾಹರ್’ನಲ್ಲಿ 3 ರೂಪಾಯಿ ಕ್ಯಾಸಿನೊ ಪಾಲಿಗೆ ಹೋಗುತ್ತದೆ. ಒಂದೊಂದು ಸುತ್ತಿನಲ್ಲಿ ಇದು ಗಮನಕ್ಕೇ ಬಾರದು. ಸಾವಿರ ಸುತ್ತಿನಲ್ಲಿ ತಪ್ಪಿಸಿಕೊಳ್ಳಲಾಗದು. ಇದರಲ್ಲಿ ಮೋಸವಿಲ್ಲ, ಎಲೆ ತಿರುಚುವ ಕೈಚಳಕವೂ ಬೇಕಿಲ್ಲ. ಆಟ ಅಪ್ಪಟ ಪ್ರಾಮಾಣಿಕವಾಗಿ ನಡೆದರೂ ಹಣ ಒಂದೇ ದಿಕ್ಕಿಗೆ ಹರಿಯುವಂತೆ ಇಳಿಜಾರು ಮಾಡಿಟ್ಟಿದ್ದಾರೆ, ಅಷ್ಟೆ.

ಈಗ ಬೋನಸ್ಸಿಗೆ ಬರೋಣ. ನೀವು 1,000 ಹಾಕಿದಿರಿ, ಅವರು 1,000 ಸೇರಿಸಿದರು. ಆದರೆ ಆ ಹಣ ತಕ್ಷಣ ನಿಮ್ಮದಲ್ಲ. ಬೋನಸ್ಸಿನ ಇಷ್ಟು ಪಟ್ಟು ಮೊತ್ತಕ್ಕೆ ಪಣ ಕಟ್ಟಿ ಆಡಿ ಮುಗಿಸಬೇಕು. ಆಡುವವರ ಬಾಯಲ್ಲಿ ಇದಕ್ಕೆ ‘ರೋಲ್‌ಓವರ್’ ಎನ್ನುತ್ತಾರೆ. 30 ಪಟ್ಟು ಎಂಬುದು ಈ ವ್ಯವಹಾರದಲ್ಲಿ ಸರ್ವೇಸಾಮಾನ್ಯ. ಅಂದರೆ 30,000 ರೂಪಾಯಿಯ ಪಣ. ಅಷ್ಟನ್ನೂ ‘ಅಂದರ್’ ಮೇಲೇ ಕಟ್ಟಿದರೆ ಸರಾಸರಿ ನಷ್ಟ 645 ರೂಪಾಯಿ. ಬೋನಸ್ಸಿನ ಸಾವಿರದಲ್ಲಿ 355 ಉಳಿಯಿತು. ಲಾಭವೇ ಅನ್ನಿಸುತ್ತದೆ, ಅಲ್ಲವೇ? ಕ್ಯಾಸಿನೊಗೂ ಅದು ಗೊತ್ತು.

ಆದ್ದರಿಂದಲೇ ಷರತ್ತಿನ ಸಣ್ಣ ಅಕ್ಷರಗಳು. ಕೆಲವರು 30 ಪಟ್ಟನ್ನು ಬೋನಸ್ಸಿಗೆ ಮಾತ್ರವಲ್ಲ, ನೀವು ಹಾಕಿದ ಹಣಕ್ಕೂ ಸೇರಿಸಿ ಲೆಕ್ಕ ಹಿಡಿಯುತ್ತಾರೆ. ಆಗ ಪಣ 60,000 ಆಗುತ್ತದೆ, ಸರಾಸರಿ ನಷ್ಟ 1,290. ಬೋನಸ್ ಹೋಗಿ ಕೈಯಿಂದಲೂ 290 ಹೋಯಿತು. ಇನ್ನು ಕೆಲವರು ಇಂಥ ಆಟಗಳನ್ನು ಹತ್ತರಲ್ಲಿ ಒಂದಂಶ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನೂರು ಕಟ್ಟಿದರೆ ಹತ್ತು ಕಟ್ಟಿದಂತೆ. ಆಗ 30,000 ಮುಗಿಸಲು 3 ಲಕ್ಷದ ಪಣ ಬೇಕು. ಎರಡು ಸಾವಿರ ಇಟ್ಟುಕೊಂಡು ಅಷ್ಟು ದೂರ ನಡೆದವರು ಕಡಿಮೆ, ದಾರಿಯಲ್ಲೇ ಚೀಲ ಖಾಲಿ. ಪೂರ್ತಿ ಲೆಕ್ಕಕ್ಕೆ ಹಿಡಿಯುವುದು ಸ್ಲಾಟ್ ಯಂತ್ರದಂಥ ಆಟಗಳನ್ನು. ನೂರಕ್ಕೆ 96 ಹಿಂದಿರುಗಿಸುವ ಸ್ಲಾಟ್ ಎಂದು ಹೇಳಿಕೊಂಡರೂ 30,000ಕ್ಕೆ 1,200 ರೂಪಾಯಿ ಹೋಯಿತು. ಸಾವಿರದ ಉಡುಗೊರೆಗೆ ಸಾವಿರದ ಇನ್ನೂರರ ಬೆಲೆ.

ಜಾಣರ ದಾರಿಗಳು

ಲೆಕ್ಕ ಬಲ್ಲವರು ಎಲ್ಲ ಕಾಲದಲ್ಲೂ ಇರುತ್ತಾರೆ. ಯಾವ ಕ್ಯಾಸಿನೊ ಎಷ್ಟು ಪಟ್ಟು ಕೇಳುತ್ತದೆ, ಯಾವ ಆಟವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತದೆ ಎಂದು ಷರತ್ತು ಓದಿ, ಲಾಭ ಉಳಿಯುವ ಕಡೆ ಮಾತ್ರ ಆಡಿ, ಬೋನಸ್ ಮುಗಿದ ಕೂಡಲೇ ಹಣ ತೆಗೆದು ಹೊರಡುವವರು ಒಂದು ಬಗೆ. ಇವರು ಮುರಿದ ನಿಯಮ ಯಾವುದೂ ಇಲ್ಲ. ಓದಬಾರದೆಂದು ಬರೆದಿಟ್ಟ ಷರತ್ತನ್ನು ಓದಿದ್ದೇ ಇವರ ಅಪರಾಧ.

ಇಬ್ಬರು ಗೆಳೆಯರು ಒಂದೇ ಮೇಜಿನಲ್ಲಿ ಒಬ್ಬ ಒಳಗೆ, ಇನ್ನೊಬ್ಬ ಹೊರಗೆ ಸಮ ಮೊತ್ತ ಕಟ್ಟುತ್ತಾ ಹೋಗುವುದು ಎರಡನೆಯ ದಾರಿ. ತಲಾ ನೂರು ಕಟ್ಟಿದರೆ ‘ಬಾಹರ್’ ಬಂದಾಗ ಇಬ್ಬರ ಒಟ್ಟು ಲೆಕ್ಕ ಸೊನ್ನೆ, ‘ಅಂದರ್’ ಬಂದಾಗ ಹತ್ತು ರೂಪಾಯಿ ನಷ್ಟ. ಅದೃಷ್ಟದ ಏರಿಳಿತ ತೀರಾ ಕಡಿಮೆ. ಇಬ್ಬರೂ 30,000 ಮುಗಿಸುವ ಹೊತ್ತಿಗೆ ಒಟ್ಟು ನಷ್ಟ ಸುಮಾರು 1,545, ಒಟ್ಟು ಬೋನಸ್ 2,000. ಉಳಿದ 455 ರೂಪಾಯಿ ಇಬ್ಬರಿಗೂ ಪಾಲು. ಇಲ್ಲಿ ಆಟ ಆಡುತ್ತಿರುವಂತೆ ಕಾಣುತ್ತದೆ, ಆಡುತ್ತಿರುವುದು ಆಟವಲ್ಲ. ಹಾಗಾಗಿ ಇದನ್ನು ಹೆಚ್ಚುಕಡಿಮೆ ಎಲ್ಲ ಕ್ಯಾಸಿನೊಗಳೂ ನಿಷೇಧಿಸುತ್ತವೆ.

ಮೂರನೆಯದು ಎಲ್ಲಕ್ಕಿಂತ ಲಾಭದ್ದು, ಎಲ್ಲಕ್ಕಿಂತ ಕೆಟ್ಟದ್ದು ಕೂಡ. ಬೋನಸ್ ಒಬ್ಬನಿಗೆ ಒಂದೇ ಸಲ. ಹಾಗಾದರೆ ಒಬ್ಬನೇ ಹತ್ತು ಜನವಾದರಾಯಿತು. ಅಣ್ಣನ ಆಧಾರ್, ಅಮ್ಮನ ಪ್ಯಾನ್, ರೂಮ್‌ಮೇಟಿನ ಬ್ಯಾಂಕ್ ಖಾತೆ, ಪಕ್ಕದ ಮನೆಯವರ ಸಿಮ್. ಇಬ್ಬರು ಗೆಳೆಯರು ಮಾಡುತ್ತಿದ್ದುದನ್ನು ಒಬ್ಬನೇ ಎರಡು ಮೊಬೈಲಿನಲ್ಲಿ ಮಾಡಬಹುದು. ಇದು ದಂಧೆಯಾದಾಗ ಬಾಡಿಗೆ ಗುರುತುಗಳ ಕಟ್ಟೇ ಬೇಕಾಗುತ್ತದೆ.

ಕ್ಯಾಸಿನೊಗಳ ಕೈಯಲ್ಲೂ ಆಯುಧಗಳಿವೆ. ಬೋನಸ್ ಇರುವಾಗ ಒಂದು ಸುತ್ತಿಗೆ ಇಷ್ಟಕ್ಕಿಂತ ಹೆಚ್ಚು ಕಟ್ಟುವಂತಿಲ್ಲ ಎಂಬ ಮಿತಿ, ಒಂದೇ ಮೊಬೈಲಿನಿಂದ, ಒಂದೇ ವೈಫೈನಿಂದ ತೆರೆದ ಖಾತೆಗಳನ್ನು ಹುಡುಕುವ ತಂತ್ರಾಂಶ, ಗುರುತಿನ ಚೀಟಿ ಹಿಡಿದು ತೆಗೆದ ಸೆಲ್ಫಿ. ಇವೆಲ್ಲಕ್ಕಿಂತ ಹರಿತವಾದದ್ದು ‘ಅಸಹಜ ಆಟ ಎಂದು ನಮಗೆ ಅನ್ನಿಸಿದರೆ ಗೆಲುವನ್ನು ರದ್ದುಪಡಿಸುವ ಹಕ್ಕು ನಮಗಿದೆ’ ಎಂಬ ಒಂದು ವಾಕ್ಯ. ಯಾವುದು ಅಸಹಜ? ಅವರಿಗೆ ಅನ್ನಿಸಿದ್ದು. ಹಣ ಹಾಕುವಾಗ ಯಾವ ದಾಖಲೆಯನ್ನೂ ಕೇಳದ ಜಾಲತಾಣ ಹಣ ತೆಗೆಯುವಾಗ ಪ್ಯಾನ್, ಆಧಾರ್, ವಿದ್ಯುತ್ ಬಿಲ್ಲು ಎಂದು ಸಾಲು ಹಚ್ಚುವುದು ಈ ಕಾರಣಕ್ಕೇ. ಸೋತವನ ಗುರುತು ಯಾರಿಗೂ ಬೇಕಿಲ್ಲ.

ಜಾಣತನ ಎಲ್ಲಿಗೆ ಮುಗಿಯುತ್ತದೆ?

ಈ ಜಗಳ ಮೊಬೈಲಿಗಿಂತ ಹಳೆಯದು. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಬಿದ್ದ ಎಲೆಗಳನ್ನು ನೆನಪಿಟ್ಟು ಲೆಕ್ಕ ಹಾಕಿದರೆ ಕ್ಯಾಸಿನೊವನ್ನೇ ಸೋಲಿಸಬಹುದೆಂದು 1962ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಹಾಗೆ ಎಲೆ ಎಣಿಸುವವರನ್ನು ಕ್ಯಾಸಿನೊಗಳು ಹೊರಗೆ ಹಾಕತೊಡಗಿದವು. ಕೆನ್ ಉಸ್ಟನ್ ಎಂಬ ಆಟಗಾರ ಕೋರ್ಟಿಗೆ ಹೋದರು. ಎಲೆ ಎಣಿಸುತ್ತಾನೆಂಬ ಕಾರಣಕ್ಕೆ ಕ್ಯಾಸಿನೊ ತಾನಾಗಿಯೇ ಒಬ್ಬನನ್ನು ಹೊರಗಿಡುವಂತಿಲ್ಲ ಎಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ತಲೆಯೊಳಗೆ ಮಾಡುವ ಲೆಕ್ಕ ಮೋಸವಾಗದು ಎಂಬ ಮಾತಿಗೆ ಇದು ಬಲ ತಂದಿತು.

ಗೆರೆಯ ಇನ್ನೊಂದು ಬದಿಗೆ ಫಿಲ್ ಐವಿ ಪ್ರಕರಣವಿದೆ. ಈ ಪ್ರಸಿದ್ಧ ಆಟಗಾರ 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೊದಲ್ಲಿ 77 ಲಕ್ಷ ಪೌಂಡ್ ಗೆದ್ದರು. ಎಲೆಗಳ ಹಿಂಬದಿಯ ಚಿತ್ತಾರ ಎರಡು ಅಂಚಿನಲ್ಲೂ ಒಂದೇ ರೀತಿ ಇರಲಿಲ್ಲ. ಶಕುನದ ನೆಪ ಹೇಳಿ, ಹಂಚುವವಳಿಂದಲೇ ಬೇಕಾದ ಎಲೆಗಳನ್ನು ತಿರುಗಿಸಿ ಇಡಿಸಿಕೊಂಡು, ಮುಂದಿನ ಸುತ್ತುಗಳಲ್ಲಿ ಅಂಚು ನೋಡಿಯೇ ಎಲೆ ಗುರುತಿಸಿದರು. ಕ್ಯಾಸಿನೊ ಹಣ ಕೊಡಲಿಲ್ಲ. ಇದು ಜಾಣತನ ಎಂದು ಐವಿ ವಾದಿಸಿದರು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲಿ ಇದು ಮೋಸವೇ ಎಂದು ತೀರ್ಮಾನಿಸಿತು. ಎಲೆ ನೋಡಿದ್ದು ತಪ್ಪಾಗಲಿಲ್ಲ, ಸುಳ್ಳು ನೆಪದಿಂದ ಎಲೆಯ ಜೋಡಣೆಯನ್ನೇ ಬದಲಿಸಿದ್ದು ತಪ್ಪಾಯಿತು.

ಈ ಎರಡು ತೀರ್ಪುಗಳಿಂದ ಬೋನಸ್ಸಿಗೂ ಒಂದು ಅಳತೆ ಸಿಗುತ್ತದೆ. ಸ್ವಂತ ಹೆಸರಿನಲ್ಲಿ, ಸ್ವಂತ ದುಡ್ಡಿನಲ್ಲಿ, ಬರೆದ ಷರತ್ತಿನೊಳಗೇ ಲೆಕ್ಕ ಹಾಕಿ ಆಡಿದವನನ್ನು ದುರ್ಬಳಕೆದಾರ ಎನ್ನುವುದು ತಪ್ಪು. ಅವನು ಸೋತಿದ್ದರೆ ಅದೇ ಕ್ಯಾಸಿನೊ ‘ಷರತ್ತು ಒಪ್ಪಿಯೇ ಆಡಿದ್ದೀರಿ’ ಎನ್ನುತ್ತಿತ್ತು. ಗೆದ್ದಾಗಲೂ ಆ ಮಾತು ನಿಲ್ಲಬೇಕು. ಸುಳ್ಳು ಹೆಸರು, ಬೇರೆಯವರ ದಾಖಲೆ, ಒಬ್ಬನೇ ಇಬ್ಬರಾಗುವ ಆಟ ನಿಜವಾದ ವಂಚನೆ. ಎದುರಿಗಿರುವುದು ಕ್ಯಾಸಿನೊ ಎಂಬ ಕಾರಣಕ್ಕೆ ಅದು ಪುಣ್ಯವಾಗುವುದಿಲ್ಲ. ಇದೇ ಅಳತೆಯಲ್ಲಿ ಕ್ಯಾಸಿನೊವನ್ನೂ ನಿಲ್ಲಿಸಬೇಕು. ಷರತ್ತನ್ನು ಮರೆಯಲ್ಲಿಡುವುದು, ಆಟ ಮುಗಿದ ಮೇಲೆ ಅದಕ್ಕೆ ಹೊಸ ಅರ್ಥ ಹಚ್ಚುವುದು, ಆಡುವವನೇ ಹಾಕಿದ ಹಣವನ್ನೂ ತಡೆಹಿಡಿಯುವುದು ವಂಚನೆಯೇ. ಆದರೆ ಹಾಗೆ ನಿಲ್ಲಿಸುವವರು ಯಾರು?

ವಿದುರಾಶ್ವತ್ಥದಲ್ಲಿ ನೆನೆಯಬೇಕಾದ ಸಭೆ

ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ 1938ರ ಏಪ್ರಿಲ್ 25ರ ಗೋಲಿಬಾರಿನಿಂದ ಚರಿತ್ರೆ ಸೇರಿದ ಊರು. ಅಲ್ಲಿನ ಅಶ್ವತ್ಥವನ್ನು ನೆಟ್ಟವನು ವಿದುರ ಎಂಬುದು ಜನರ ನಂಬಿಕೆ. ಹಸ್ತಿನಾವತಿಯ ಜೂಜನ್ನು ಮೊದಲಿನಿಂದಲೂ ಬೇಡವೆಂದವನು ಈ ವಿದುರನೇ. ಮಹಾಭಾರತದ ಸಭಾಪರ್ವವನ್ನು ನಾವು ಶಕುನಿಯ ದಾಳಗಳ ಕಥೆಯಾಗಿ ನೆನಪಿಟ್ಟುಕೊಂಡಿದ್ದೇವೆ. ನಿಯಮಗಳ ಕಥೆಯಾಗಿ ಓದಿದರೆ ಬೇರೆಯದೇ ಕಾಣಿಸುತ್ತದೆ.

ಆಟ ಶುರುವಾಗುವ ಮೊದಲೇ ದುರ್ಯೋಧನ ಹೇಳುತ್ತಾನೆ: ಪಣದ ಸಂಪತ್ತು ನನ್ನದು, ಆಡುವವನು ಮಾವ ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸಮವಲ್ಲ ಎಂದು ಯುಧಿಷ್ಠಿರ ಆಕ್ಷೇಪಿಸುತ್ತಾನೆ. ಆಕ್ಷೇಪಿಸಿಯೂ ಕೂರುತ್ತಾನೆ. ಖಾತೆ ಒಬ್ಬನದು, ಆಡುವ ಕೈ ಇನ್ನೊಬ್ಬನದು ಎಂಬ ಇಂದಿನ ತಕರಾರು ಅಂದೇ ಎದ್ದಿತ್ತು. ಮುಂದೆ ಎಲ್ಲವನ್ನೂ ಸೋತು, ತನ್ನನ್ನೂ ಸೋತು, ದ್ರೌಪದಿಯನ್ನು ಪಣಕ್ಕಿಟ್ಟಾಗ ಅವಳು ಸಭೆಗೆ ಕೇಳಿದ್ದು ನಿಯಮದ ಪ್ರಶ್ನೆಯನ್ನೇ: ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಇತ್ತೇ? ಭೀಷ್ಮನಂಥ ಭೀಷ್ಮನೂ ಉತ್ತರಿಸಲಾರದೆ ಹೋದ. ವಿದುರ ಹೇಳಿದ, ವಿಕರ್ಣ ಹೇಳಿದ. ಕೇಳುವವರಿರಲಿಲ್ಲ.

ಏಕೆಂದರೆ ಸಭೆ ಕಟ್ಟಿಸಿದವನು, ಆಹ್ವಾನ ಕಳಿಸಿದವನು, ಗೆದ್ದವನ ತಂದೆ, ತೀರ್ಪು ಹೇಳಬೇಕಾದವನು ನಾಲ್ವರೂ ಒಬ್ಬನೇ, ಧೃತರಾಷ್ಟ್ರ. ದಾಳದಲ್ಲಿ ದೋಷವಿತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು. ತಕರಾರು ಎದ್ದಾಗ ಕೇಳುವುದಕ್ಕೆ ಆಟದ ಹೊರಗಿನವನೊಬ್ಬ ಇರಲಿಲ್ಲ. ಆನ್‌ಲೈನ್ ಕ್ಯಾಸಿನೊದ ನ್ಯಾಯ ಅನ್ಯಾಯದ ಚರ್ಚೆಯೂ ಬಂದು ನಿಲ್ಲುವುದು ಇಲ್ಲೇ. ಷರತ್ತು ಬರೆದವನು, ಹಣ ಇಟ್ಟುಕೊಂಡವನು, ಆಟ ‘ಅಸಹಜ’ ಎಂದು ತೀರ್ಮಾನಿಸುವವನು ಎಲ್ಲ ಒಬ್ಬನೇ.

ಬೆಂಗಳೂರಿನಿಂದ ಹೊರಟ ಪದಬಂಧ

ಹೊರಗಿನವನಾಗಿ ನಿಲ್ಲಬೇಕಾದ ಕಾನೂನು ನಮ್ಮಲ್ಲಿ ನಡೆದ ದಾರಿಯೂ ಕುತೂಹಲದ್ದು. ಅದರ ಒಂದು ಮುಖ್ಯ ಅಧ್ಯಾಯ ಶುರುವಾದದ್ದು ಬೆಂಗಳೂರಿನಲ್ಲಿ. ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಇಲ್ಲಿ ಅಚ್ಚಾಗಿ ಮುಂಬೈ ರಾಜ್ಯದಲ್ಲಿ ಹೇರಳವಾಗಿ ಹಂಚಿಕೆಯಾಗುತ್ತಿತ್ತು. ಪ್ರವೇಶಧನ ಕಟ್ಟಿ ಪದಬಂಧ ಬಿಡಿಸಿ ಬಹುಮಾನ ಗೆಲ್ಲುವ ಸ್ಪರ್ಧೆ ಅದರ ಆಕರ್ಷಣೆ. ಮೈಸೂರು ರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗೆ ಮುಂಬೈ ಸರ್ಕಾರ ತೆರಿಗೆ ಹಾಕಬಹುದೇ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಸಂಘಟಕರು ಮೊದಲೇ ಗೊತ್ತುಮಾಡಿ ಮೊಹರು ಹಾಕಿಟ್ಟ ಉತ್ತರಕ್ಕೆ ಹೊಂದಿಕೆಯಾದರಷ್ಟೇ ಬಹುಮಾನ ಎಂಬುದನ್ನು ಕೋರ್ಟ್ ಗಮನಿಸಿತು. ಬುದ್ಧಿಯ ವೇಷ ಹಾಕಿದರೂ ಇದು ಜೂಜೇ, ಜೂಜಿಗೆ ಸಂವಿಧಾನ ಕೊಡುವ ವ್ಯಾಪಾರ ಸ್ವಾತಂತ್ರ್ಯ ಅನ್ವಯಿಸದು ಎಂದು 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದರು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪ್ರಕರಣವೆಂದು ವಕೀಲರು ಇಂದಿಗೂ ಉಲ್ಲೇಖಿಸುವುದು ಇದನ್ನೇ.

ಅಲ್ಲಿಂದಾಚೆಗೆ ಎಲ್ಲ ವಾದವೂ ಕೌಶಲವೋ ಅದೃಷ್ಟವೋ ಎಂಬ ಒಂದೇ ಗೂಟಕ್ಕೆ ಸುತ್ತಿಕೊಂಡಿತು. ರಮ್ಮಿಯಲ್ಲಿ ಕೌಶಲವೇ ಹೆಚ್ಚೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿದ್ದರ ಮೇಲೆ ಸಾವಿರಾರು ಕೋಟಿಯ ಉದ್ಯಮ ಬೆಳೆಯಿತು. ಎಂಪಿಎಲ್, ಗೇಮ್ಸ್‌ಕ್ರಾಫ್ಟ್‌ನಂಥ ಕಂಪನಿಗಳಿಗೆ ಬೆಂಗಳೂರೇ ತವರಾಯಿತು. ಆಂಧ್ರಪ್ರದೇಶ 2020ರಲ್ಲಿ ಹಣದ ಆನ್‌ಲೈನ್ ಆಟ ನಿಷೇಧಿಸಿದಾಗ, ಹಿಂದೂಪುರದಲ್ಲಿ ಅಪರಾಧವಾದದ್ದು ಗಡಿ ದಾಟಿ ಗೌರಿಬಿದನೂರಿಗೆ ಬಂದರೆ ವ್ಯಾಪಾರವಾಗಿತ್ತು. ಕರ್ನಾಟಕವೂ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ನಿಷೇಧಿಸಿತು. ನಾಲ್ಕೇ ತಿಂಗಳಲ್ಲಿ, 2022ರ ಫೆಬ್ರುವರಿ 14ರಂದು, ಹೈಕೋರ್ಟ್ ಆ ನಿಷೇಧದ ಕಲಮುಗಳನ್ನು ರದ್ದುಪಡಿಸಿತು.

ಕೊನೆಗೆ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿಸಿ ಆಡಿಸುವ ಆನ್‌ಲೈನ್ ಆಟವೇ ಕೂಡದು ಎಂಬುದು ಅದರ ಸಾರ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನನ್ನು ಈ ಕಾಯ್ದೆ ಅಪರಾಧಿ ಎನ್ನುವುದಿಲ್ಲ, ಸಂತ್ರಸ್ತನೆಂದೇ ನೋಡುತ್ತದೆ. ವರ್ಷಕ್ಕೆ ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ 20,000 ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಾರೆಂಬುದು ಆಗ ಸರ್ಕಾರ ಮುಂದಿಟ್ಟ ಅಂದಾಜು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿ ಬೇರೆ ಬೇರೆ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೇ ತರಿಸಿಕೊಂಡಿತು.

ದೇಶದೊಳಗಿನ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ವಿಳಾಸವೇ ಇಲ್ಲದ ವಿದೇಶಿ ಕ್ಯಾಸಿನೊಗಳಿಗೆ ನಿಲ್ಲಿಸುವ ಪ್ರಮೇಯವೇ ಬರಲಿಲ್ಲ. ಒಂದು ಹೆಸರು ಮುಚ್ಚಿಸಿದರೆ ಅದೇ ಅಂಗಡಿ ಮರುದಿನ ಇನ್ನೊಂದು ಅಂಕಿ ಸೇರಿಸಿಕೊಂಡು ತೆರೆಯುತ್ತದೆ. ಇವುಗಳಲ್ಲಿ ಬಹಳಷ್ಟು ಕೆರಿಬಿಯನ್ ಸಮುದ್ರದ ಕ್ಯುರಸಾವ್‌ನಂಥ ಪುಟ್ಟ ದ್ವೀಪಗಳ ಪರವಾನಗಿ ತೋರಿಸುತ್ತವೆ.

ದೂರು ಕೊಡುವುದು ಯಾರಿಗೆ?

ಬ್ರಿಟನ್ನಿನಲ್ಲಿ ಆನ್‌ಲೈನ್ ಕ್ಯಾಸಿನೊ ಕಾನೂನುಬದ್ಧ, ಮೇಲೆ ಕೂರಲು ಆಯೋಗವಿದೆ. ಅಲ್ಲಿಯೂ ಬೋನಸ್ಸಿನ ರಗಳೆ ಎಷ್ಟಾಯಿತೆಂದರೆ, ಸ್ಪರ್ಧಾ ಪ್ರಾಧಿಕಾರದ ವಿಚಾರಣೆಯ ಬಳಿಕ 2018ರಲ್ಲಿ ಲ್ಯಾಡ್‌ಬ್ರೋಕ್ಸ್, ವಿಲಿಯಂ ಹಿಲ್‌ನಂಥ ದೊಡ್ಡ ಹೆಸರುಗಳೇ ಷರತ್ತು ಬದಲಿಸುವುದಾಗಿ ಬರೆದುಕೊಟ್ಟವು. ಆಡುವವನು ತಾನೇ ಹಾಕಿದ ಹಣವನ್ನು ಬೋನಸ್ಸಿನ ನೆಪದಲ್ಲಿ ಕಟ್ಟಿಹಾಕುವಂತಿಲ್ಲ ಎಂಬುದು ಅದರಲ್ಲಿ ಮುಖ್ಯ. ಜೂಜು ಆಯೋಗ 2025ರ ಮಾರ್ಚ್‌ನಲ್ಲಿ ಇನ್ನೂ ಮುಂದೆ ಹೋಗಿ, ಬೋನಸ್ಸಿನ 10 ಪಟ್ಟಿಗಿಂತ ಹೆಚ್ಚು ಆಡಿಸುವ ಷರತ್ತೇ ಇರಕೂಡದೆಂಬ ನಿಯಮ ಪ್ರಕಟಿಸಿತು. ಹತ್ತು ಪಟ್ಟಿನಲ್ಲಿ ನಮ್ಮ ಅಂದರ್ ಲೆಕ್ಕ ಹಾಕಿದರೆ ನಷ್ಟ 215 ರೂಪಾಯಿ. ಉಳಿದ 785 ನಿಜಕ್ಕೂ ಉಡುಗೊರೆ. ಅಷ್ಟು ಕೊಡಲು ಯಾವ ಕ್ಯಾಸಿನೊಗೂ ಮನಸ್ಸು ಬರುವುದಿಲ್ಲ ಎಂಬುದರಲ್ಲೇ ಹಳೆಯ ಬೋನಸ್ಸುಗಳ ಬಣ್ಣ ಬಯಲಾಗುತ್ತದೆ.

ನಮ್ಮಲ್ಲಿ? ಭಾರತೀಯ ಒಪ್ಪಂದಗಳ ಕಾಯ್ದೆ 1872ರ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಅನೂರ್ಜಿತ. ಗೆದ್ದ ಹಣ ಕೊಡಿಸಿ ಎಂದು ದಾವೆ ಹೂಡುವಂತಿಲ್ಲ. ನೀವು ನಿಯಮ ಪಾಲಿಸಿ, ಸ್ವಂತ ಹೆಸರಿನಲ್ಲಿ ಆಡಿ, ನ್ಯಾಯವಾಗಿ ಒಂದು ಲಕ್ಷ ಗೆದ್ದಿರಿ ಎಂದಿಟ್ಟುಕೊಳ್ಳಿ. ಕ್ಯಾಸಿನೊ ‘ಕೊಡುವುದಿಲ್ಲ’ ಎಂದರೆ ಚಿಕ್ಕಬಳ್ಳಾಪುರದ ನ್ಯಾಯಾಲಯದಿಂದ ದೆಹಲಿಯವರೆಗೆ ಯಾರೂ ಅದನ್ನು ವಸೂಲು ಮಾಡಿಕೊಡಲಾರರು. ಗ್ರಾಹಕ ಸೇವೆ ಎಂದು ಚಾಟಿನಲ್ಲಿ ಉತ್ತರಿಸುವವನಿಗೆ ಹೆಸರಿಲ್ಲ, ಕಚೇರಿಯಿಲ್ಲ.

ಇದರ ಪಕ್ಕಕ್ಕೆ ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಇಟ್ಟು ನೋಡಿ. ಅಲ್ಲಿಯೂ ಹರಾಜು ಈಗ ಮೊಬೈಲಿನಲ್ಲೇ. ರೈತನಿಗೂ ರೀಲರ್‌ಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ, ಧಾರಣೆಯ ಏರಿಳಿತದಲ್ಲಿ ಅದೃಷ್ಟದ ಪಾಲೂ ಕಡಿಮೆಯೇನಿಲ್ಲ. ಆದರೆ ಹರಾಜು ನಡೆಸುವ ರೇಷ್ಮೆ ಇಲಾಖೆ ಗೂಡು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ತೂಕ ಎಲ್ಲರ ಮುಂದೆ ಆಗುತ್ತದೆ. ಬೆಲೆ ಒಪ್ಪದಿದ್ದರೆ ರೈತ ಗೂಡು ಬಿಡುವುದಿಲ್ಲ. ತಕರಾರು ಬಂದರೆ ಹೋಗಿ ಕೂಗಾಡಲು ಅಧಿಕಾರಿಯ ಕೋಣೆಯೊಂದಿದೆ. ಮಾರುಕಟ್ಟೆಯ ಮೇಲೆ ದೂರುಗಳೇ ಇಲ್ಲವೆಂದಲ್ಲ. ದೂರು ಕೊಡಲು ಒಂದು ಬಾಗಿಲಿದೆ, ಆನ್‌ಲೈನ್ ಕ್ಯಾಸಿನೊಗೆ ಆ ಬಾಗಿಲೇ ಇಲ್ಲ.

ಆಧಾರ್ ಕೊಟ್ಟವನ ಪಾಡು

ಬೋನಸ್ ದಂಧೆಯಲ್ಲಿ ಕ್ಯಾಸಿನೊಗೆ ಆಗುವ ನಷ್ಟದ ಬಗ್ಗೆ ಕಣ್ಣೀರು ಹಾಕಬೇಕಾಗಿಲ್ಲ. ಚಿಂತಿಸಬೇಕಾದದ್ದು ನಡುವೆ ಸಿಕ್ಕಿಕೊಳ್ಳುವವರ ಬಗ್ಗೆ. ‘ನಿನ್ನ ಆಧಾರ್, ಪಾಸ್‌ಬುಕ್ ಕೊಡೋ, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎಂದು ಗೆಳೆಯ ಕೇಳಿದಾಗ ಅದು ನಿರುಪದ್ರವಿ ಸಹಾಯ ಅನ್ನಿಸುತ್ತದೆ. ಬಾಡಿಗೆಗೆ ಕೊಟ್ಟ ಖಾತೆ ಬೋನಸ್ಸಿಗೆ ಮಾತ್ರ ಬಳಕೆಯಾಗುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ಇಂಥ ಕ್ಯಾಸಿನೊಗಳು ಯುಪಿಐ ಹಣವನ್ನು ತಮ್ಮ ಹೆಸರಿಗೆ ಪಡೆಯಲಾರವು. ಹಾಗಾಗಿ ಅದು ಯಾರ ಯಾರದೋ ಖಾಸಗಿ ಖಾತೆಗಳ ಮೂಲಕ ಹಾದುಹೋಗಬೇಕು. ಅದೇ ಖಾತೆಗೆ ಸೈಬರ್ ವಂಚನೆಯ ದುಡ್ಡೂ ಬಂದು ಬಿದ್ದರೆ ಪೊಲೀಸರ ಸೂಚನೆಯ ಮೇಲೆ ಬ್ಯಾಂಕು ಖಾತೆಯನ್ನು ಸ್ಥಗಿತಗೊಳಿಸುತ್ತದೆ. ಆಗ ನೋಟಿಸು ಬರುವುದು ಆಡಿದವನಿಗಲ್ಲ, ಪಾಸ್‌ಬುಕ್ಕಿನ ಮೇಲೆ ಹೆಸರಿರುವವನಿಗೆ. ವಿದ್ಯಾರ್ಥಿವೇತನವೋ ಹಾಲಿನ ಡೇರಿಯ ಬಟವಾಡೆಯೋ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಅಮ್ಮನ ಹೆಸರಿನ ಖಾತೆಯಾದರೆ ಠಾಣೆಯಲ್ಲಿ ವಿವರಣೆ ಕೊಡಬೇಕಾದವಳು ಅಮ್ಮ.

ಇನ್ನೊಂದು ಅಪಾಯ ಲೆಕ್ಕ ಬಲ್ಲ ಹುಡುಗರಿಗೇ ಹೆಚ್ಚು. ಮೊದಲು 355 ರೂಪಾಯಿ ಲಾಭವಾದಾಗ ಕ್ಯಾಸಿನೊವನ್ನೇ ಗೆದ್ದೆ ಎಂಬ ಹಮ್ಮು ಬರುತ್ತದೆ. ಬೋನಸ್ಸುಗಳು ಮುಗಿಯುತ್ತವೆ, ಖಾತೆ ಮಾತ್ರ ಮೊಬೈಲಿನಲ್ಲೇ ಇರುತ್ತದೆ. ಪರೀಕ್ಷೆ ಮುಗಿದ ರಾತ್ರಿಯಲ್ಲೋ ಸಂಬಳ ಬಂದ ಸಂಜೆಯಲ್ಲೋ ಬೋನಸ್ ಇಲ್ಲದೆಯೇ ಆಡುವ ಕೈ ತಾನಾಗಿ ಹೋಗುತ್ತದೆ. ಕ್ಯಾಸಿನೊಗಳು ಸಾವಿರ ರೂಪಾಯಿ ಬಿಟ್ಟುಕೊಡುವುದು ಈ ಸಂಜೆಗಾಗಿಯೇ. ಬೋನಸ್ಸನ್ನು ದುರ್ಬಳಕೆ ಮಾಡಿಕೊಂಡೆ ಎಂದು ಬೀಗುವವನ ಅಭ್ಯಾಸವನ್ನು ಬೋನಸ್ಸು ಅಷ್ಟರಲ್ಲಿ ಬಳಸಿಕೊಂಡಿರುತ್ತದೆ.

ಹಾಗಾದರೆ ತೀರ್ಮಾನವೇನು? ಷರತ್ತಿನೊಳಗೆ ಲೆಕ್ಕ ಹಾಕಿ ಆಡಿದವನು ವಂಚಕನಲ್ಲ. ಬೇರೆಯವರ ಗುರುತಿನಲ್ಲಿ ಆಡಿದವನು ವಂಚಕನೇ. ಗೆದ್ದವನ ಹಣಕ್ಕೆ ಆಮೇಲೆ ನೆಪ ಹುಡುಕುವ ಕ್ಯಾಸಿನೊ ಅವನಿಗಿಂತ ದೊಡ್ಡ ವಂಚಕ. ಆದರೆ ಈ ತೀರ್ಪನ್ನು ಜಾರಿ ಮಾಡುವ ಶಕ್ತಿ ಈ ಆಟದ ಹೊರಗೆ ಯಾರ ಕೈಯಲ್ಲೂ ಇಲ್ಲ. ನಡುವೆ ನಿಂತು ಕೇಳುವವರಿಲ್ಲದ ಕಡೆ ನ್ಯಾಯವಾದ ಆಟ ಎಂಬುದೇ ಇರುವುದಿಲ್ಲ. ಅಂಥ ಮೇಜಿಗೆ ಕೂರದಿರುವುದೊಂದೇ ಲೆಕ್ಕ ಬಲ್ಲವರು ಮಾಡಬಹುದಾದ ಕೆಲಸ.

ಯಾರು ಕೇಳಿದರೂ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಸಿಮ್ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ತಿಳಿಸಿ. ಹಣ ವಂಚನೆಯಾಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಆಟ ಬಿಡಬೇಕೆಂದರೂ ಆಗುತ್ತಿಲ್ಲ, ಸಾಲ ಮನೆಯವರಿಗೆ ಹೇಳಲಾಗುತ್ತಿಲ್ಲ ಎನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮೊಬೈಲ್ ಗೀಳಿನ ಚಿಕಿತ್ಸೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಕಳೆದುಕೊಂಡ ಹಣವನ್ನು ಆಡಿಯೇ ವಾಪಸು ಪಡೆಯುತ್ತೇನೆ ಎಂಬ ಯೋಚನೆ ಬಂದ ದಿನವೇ ಕರೆ ಮಾಡಿ.